ಕಾರಿನಲ್ಲಿ ಮಗುವಿನ ಆಸನ: ಆಯ್ಕೆ ಹೇಗೆ? ಅಳವಡಿಕೆ ಹೇಗೆ?

ಕಾರಿನ ಮುಂದಿನ ಆಸನದಲ್ಲಿ ತಾಯಿಯ ಮಡಿಲೇರಿ ಪ್ರಯಾಣಿಸುವ ಹಸುಗೂಸು ನಮ್ಮ ನಗರಗಳಲ್ಲಿ ನಿತ್ಯದ ದೃಶ್ಯ. ಅಮ್ಮನ ತೋಳಿಗಿಂತ ಸುರಕ್ಷಿತ ತಾಣ ಬೇರೊಂದಿಲ್ಲ ಎಂಬ ನಂಬಿಕೆ ಮನೆಯಲ್ಲಿ ನಿಜ, ಓಡುವ ಕಾರಿನಲ್ಲಿ ಅಲ್ಲ. ಗಂಟೆಗೆ 50 ಕಿ.ಮೀ. ವೇಗದ ಕಾರು ಢಿಕ್ಕಿ ಹೊಡೆದು ಸೆಕೆಂಡಿನ ಹತ್ತರಲ್ಲೊಂದು ಭಾಗದಲ್ಲಿ ನಿಂತರೆ, 10 ಕೆ.ಜಿ. ತೂಕದ ಮಗುವನ್ನು ಹಿಡಿದಿಡಲು ಸುಮಾರು 140 ಕೆ.ಜಿ. ಭಾರ ಎತ್ತುವಷ್ಟು ಬಲ ಬೇಕಾಗುತ್ತದೆ. ಎಷ್ಟೇ ಬಿಗಿಯಾಗಿ ಅಪ್ಪಿಕೊಂಡಿದ್ದರೂ ಮಗು ಕೈಜಾರುವುದು ನಿಶ್ಚಿತ.

ಕಾನೂನು ಏನು ಹೇಳುತ್ತದೆ?

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನ ಪ್ರಕಾರ, 14 ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸುರಕ್ಷಾ ಆಸನದಿಂದ ಭದ್ರಪಡಿಸದೆ ವಾಹನ ಚಲಾಯಿಸಿದರೆ 1,000 ರೂ. ದಂಡ ವಿಧಿಸಬಹುದು. ಆದರೆ ಬೆಲ್ಟ್ ರೂಪುಗೊಂಡಿರುವುದು ವಯಸ್ಕರ ಅಳತೆಗೆ. ಚಿಕ್ಕ ಮಕ್ಕಳಿಗೆ ಅದು ಕುತ್ತಿಗೆ ಹಾಗೂ ಹೊಟ್ಟೆಯ ಮೇಲೆ ಹಾದು ಅಪಾಯವನ್ನೇ ತರಬಲ್ಲದು.

ಆಯ್ಕೆ

ಆಸನ ಕೊಳ್ಳುವಾಗ ವಯಸ್ಸಿಗಿಂತ ಮಗುವಿನ ತೂಕ ಮತ್ತು ಎತ್ತರಕ್ಕೆ ಪ್ರಾಮುಖ್ಯ ನೀಡಬೇಕು.

* ಶಿಶುಗಳಿಗೆ: ಹಿಮ್ಮುಖ ಆಸನ. ಶಿಶುವಿನ ತಲೆ ಭಾರ, ಕುತ್ತಿಗೆ ಎಳೆಯದು. ಎದುರಿನಿಂದ ಢಿಕ್ಕಿಯಾದಾಗ ಹಿಮ್ಮುಖ ಆಸನವು ತಲೆ, ಕುತ್ತಿಗೆ, ಬೆನ್ನುಗಳಿಗೆ ಒಟ್ಟಾಗಿ ಆಸರೆಯಾಗುತ್ತದೆ. ಯುರೋಪಿನಲ್ಲಿ ಬಳಕೆಯಲ್ಲಿರುವ ವಿಶ್ವಸಂಸ್ಥೆಯ ಆರ್129 ನಿಯಮದಂತೆ ಕನಿಷ್ಠ 15 ತಿಂಗಳವರೆಗೆ ಇದೇ ಭಂಗಿ ಕಡ್ಡಾಯ. ಆಸನದ ಮಿತಿ ಮೀರುವವರೆಗೂ ಮುಂದುವರಿಸುವುದು ಇನ್ನೂ ಉತ್ತಮ.
* ನಂತರ: ಭುಜ ಮತ್ತು ಸೊಂಟ ಬಿಗಿಯುವ ಪಟ್ಟಿಗಳುಳ್ಳ ಮುಮ್ಮುಖ ಆಸನ.
* ದೊಡ್ಡ ಮಕ್ಕಳಿಗೆ: ಬೂಸ್ಟರ್ ಆಸನ. ಬೆಲ್ಟ್ ಭುಜದ ನಡುವೆ ಮತ್ತು ತೊಡೆಯ ಮೇಲ್ಭಾಗದಲ್ಲಿ ಕೂರುವವರೆಗೆ, ಅಂದರೆ ಸುಮಾರು 145 ಸೆಂ.ಮೀ. ಎತ್ತರದವರೆಗೆ ಇದು ಅಗತ್ಯ.

ಅಳವಡಿಕೆ

ಹಿಂದಿನ ಸೀಟೇ ಸೂಕ್ತ. ಏರ್‌ಬ್ಯಾಗ್ ಚಾಲನೆಯಲ್ಲಿರುವ ಮುಂದಿನ ಸೀಟಿನಲ್ಲಿ ಹಿಮ್ಮುಖ ಆಸನವನ್ನು ಎಂದಿಗೂ ಇಡಕೂಡದು. ಅದು ಸಿಡಿದರೆ ನೇರ ಪೆಟ್ಟು ಬೀಳುವುದು ಮಗುವಿನ ತಲೆಯ ಹಿಂಭಾಗಕ್ಕೆ.

ಕಾರಿನ ಸೀಟಿನ ಸಂದಿಯಲ್ಲಿ ಐಸೋಫಿಕ್ಸ್ ಕೊಂಡಿಗಳಿದ್ದು ಆಸನವೂ ಅದಕ್ಕೆ ಹೊಂದುವಂತಿದ್ದರೆ ಅಳವಡಿಕೆ ಸುಲಭ, ತಪ್ಪುಗಳೂ ಕಡಿಮೆ. ಮೇಲ್ಪಟ್ಟಿ ಅಥವಾ ಆಧಾರದ ಕಾಲು ಇದ್ದಲ್ಲಿ ಅದನ್ನೂ ಬಳಸತಕ್ಕದ್ದು. ಕೊಂಡಿ ಇಲ್ಲದ ಕಾರಿನಲ್ಲಿ, ಕೈಪಿಡಿ ತೋರಿಸಿದ ಮಾರ್ಗದಲ್ಲಿಯೇ ಬೆಲ್ಟ್ ಹಾಯಿಸಿ ಬಿಗಿಯಬೇಕು. ಬೆಲ್ಟ್ ಹಾಯುವ ಜಾಗದಲ್ಲಿ ಹಿಡಿದು ಅಲುಗಾಡಿಸಿದಾಗ ಆಸನ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು.

ಭುಜದ ಪಟ್ಟಿ ಹಿಮ್ಮುಖ ಆಸನದಲ್ಲಿ ಭುಜದ ಮಟ್ಟದಲ್ಲಿ ಅಥವಾ ತುಸು ಕೆಳಗೆ, ಮುಮ್ಮುಖದಲ್ಲಿ ಅದೇ ಮಟ್ಟದಲ್ಲಿ ಅಥವಾ ತುಸು ಮೇಲಿನಿಂದ ಹೊರಡಬೇಕು. ಬಿಗಿದ ಮೇಲೆ ಭುಜದ ಬಳಿಯ ಪಟ್ಟಿಯನ್ನು ಬೆರಳುಗಳಿಂದ ಚಿವುಟಿ ನೋಡಿ; ಮಡಿಕೆ ಸಿಕ್ಕಿದರೆ ಇನ್ನೂ ಸಡಿಲವಿದೆ ಎಂದರ್ಥ.

ಇವನ್ನು ಮರೆಯದಿರಿ

* ಅಪಘಾತಕ್ಕೀಡಾದ, ಪೂರ್ವಾಪರ ತಿಳಿಯದ ಹಳೆಯ ಆಸನ ಬೇಡ.
* ದಪ್ಪ ಸ್ವೆಟರ್ ತೊಡಿಸಿ ಪಟ್ಟಿ ಬಿಗಿಯಬೇಡಿ. ಮೊದಲು ಪಟ್ಟಿ, ಆಮೇಲೆ ಹೊದಿಕೆ.
* ಬಿಸಿಲಿನಲ್ಲಿ ನಿಂತ ಕಾರಿನ ಬಕಲ್ ಸುಡುತ್ತದೆ, ಮುಟ್ಟಿ ನೋಡಿ.
* ಒಂದು ಬೆಲ್ಟಿನಲ್ಲಿ ಇಬ್ಬರನ್ನು ಕೂರಿಸಬೇಡಿ.

ಮೊದಲ ದಿನಗಳಲ್ಲಿ ಮಗು ಅತ್ತು ರಂಪ ಮಾಡುವುದು ಸಹಜ. ಮನೆಯ ಹಿರಿಯರು ಎತ್ತಿಕೊಳ್ಳುವಂತೆ ಒತ್ತಾಯಿಸಬಹುದು. ಆಗ ಕಾರು ನಿಲ್ಲಿಸಿ ಸಮಾಧಾನಪಡಿಸಿ. ಚಲಿಸುವಾಗ ಮಾತ್ರ ಪಟ್ಟಿ ಬಿಚ್ಚಬೇಡಿ. ಮನೆಯ ಪಕ್ಕದ ಅಂಗಡಿಗೆ ಹೊರಟರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ.