ಕಡತ

ಇಂದು ಸರಕಾರಿ ಕಚೇರಿಯ ಕಾಗದಗಳ ಕಟ್ಟಿಗೆ ಸಲ್ಲುವ ‘ಕಡತ’ವೆಂಬ ಪದವು, ‘ಕಡಿತ’ವೆಂಬ ರೂಪಾಂತರವನ್ನೂ ಉಳ್ಳದ್ದಾಗಿ, ಮೊದಲಿಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಮಡಿಕೆಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಅರಿವೆಯ ಪುಸ್ತಕವನ್ನು ಸೂಚಿಸುತ್ತಿದ್ದಿತು. ಒರೆಸಿ ಮತ್ತೆ ಬರೆಯಬಹುದಾದ ಇಂಥ ಸಾಧನವನ್ನೇ ಶಾನುಭೋಗರೂ ಶೃಂಗೇರಿಯ ಮಠದವರೂ ಲೆಕ್ಕಪತ್ರಗಳಿಗೆ ನೆಚ್ಚಿದ್ದರೆಂಬುದು ವಿನೋದವೆನಿಸಿದರೂ ದಿಟ. 1821ರಲ್ಲಿ ಗತಿಸಿದ ಭೂಮಾಪಕ ಕರ್ನಲ್ ಕಾಲಿನ್ ಮೆಕೆಂಜಿಯು ಊರೂರುಗಳಿಂದ ಸಂಗ್ರಹಿಸಿದ, ಈಗ ಚೆನ್ನೈಯ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಲ್ಲಿರುವ ಕನ್ನಡ ಕೈಫಿಯತ್ತುಗಳಲ್ಲಿ, ಎಂದರೆ ಸ್ಥಳೀಯ ಇತಿಹಾಸದ ನಿರೂಪಣೆಗಳಲ್ಲಿ, ಹಲವಕ್ಕೆ ಗ್ರಾಮಗಳ ಕವಿಲೆ (ದಾಖಲೆ) ಕಡತಗಳೇ ಆಧಾರ.

ಹೀಗೆ ನೆನಪನ್ನು ಉಳಿಸುವ ಹೊಣೆ ಇಂದಿನ ಕಚೇರಿಯ ಕಡತಕ್ಕೂ ಉಂಟು. ಉದಾಹರಣೆಗೆ, ಅದೇ ಚೆನ್ನೈಯಿಂದ ಆಡಳಿತ ನಡೆಸುವ ತಮಿಳುನಾಡು, ಏಷ್ಯಾ ಅಭಿವೃದ್ಧಿ ಬ್ಯಾಂಕು 2010ರಲ್ಲಿ ಅನುಮೋದಿಸಿದ ಪ್ರವಾಸೋದ್ಯಮ ಸಾಲದ ಕಾರ್ಯಕ್ರಮದಲ್ಲಿ ಸೇರಿದ ನಾಲ್ಕು ರಾಜ್ಯಗಳಲ್ಲೊಂದು. ಇಂಥ ನೆರವಿನ ಯೋಜನೆಗಳಲ್ಲಿ ಸಲಹೆಗಾರನು ವರದಿಯನ್ನೊಪ್ಪಿಸಿ ತೆರಳುವನು, ಅಧಿಕಾರಿಗೆ ವರ್ಗವಾಗುವುದು. ದೇಗುಲದ ಬೀದಿಯಲ್ಲಿ ವಾಹನ ನಿಲುಗಡೆಯೇಕೆ ಕೈಗೂಡಲಿಲ್ಲ ಎಂಬಂಥ ಅನುಭವಜ್ಞಾನವು, ಯಾರಾದರೂ ಟಿಪ್ಪಣಿ ಬರೆದಿದ್ದ ಪಕ್ಷದಲ್ಲಿ, ಕಡತದ ಅಂಚಿನಲ್ಲಷ್ಟೇ ನಿಲ್ಲುವುದು. ಕಚೇರಿಗನ್ನಡದಲ್ಲಿ ‘ಕಡತ’ವೆಂಬ ಪದಕ್ಕೆ ಆಗಾಗ ಜೊತೆಗೂಡುವ ಮಾತು ಮಾತ್ರ ‘ವಿಲೇವಾರಿ’.