ಉಪ್ಪಿನ ದಾರಿ ಮುಚ್ಚಿದ ಮೇಲೆ

ಶೆರ್ಪಾ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಹಿಮದಲ್ಲಿ ಹೊರೆ ಹೊತ್ತು ನಡೆಯುವ ಆಳು. ಆದರೆ ಅದು ಕಸುಬಿನ ಹೆಸರಲ್ಲ, ಒಂದು ಸಮುದಾಯದ ಹೆಸರು. ‘ಶರ್’ ಎಂದರೆ ಪೂರ್ವ, ‘ಪಾ’ ಎಂದರೆ ಜನ. ಸುಮಾರು 500 ವರ್ಷಗಳ ಹಿಂದೆ ಪೂರ್ವ ಟಿಬೆಟ್ಟಿನಿಂದ ಹಿಮಾಲಯ ದಾಟಿ ಬಂದು, ಎವರೆಸ್ಟಿನ ದಕ್ಷಿಣಕ್ಕಿರುವ ಖುಂಬು ಕಣಿವೆಯಲ್ಲಿ ನೆಲೆ ನಿಂತವರು ಇವರು. ಒಂದು ಜನರ ಹೆಸರು ಕೂಲಿಯ ಹೆಸರಾದದ್ದು ಹೇಗೆ?

ಬೆಟ್ಟ ಹತ್ತುವುದು ಅವರ ಕುಲಕಸುಬೇನೂ ಆಗಿರಲಿಲ್ಲ. ಶಿಖರಗಳೆಂದರೆ ದೇವತೆಗಳ ಮನೆ. ಖುಂಬುವಿನ ಕಾವಲು ದೈವವಾದ ಖುಂಬಿಲಾ ಬೆಟ್ಟವನ್ನು ಹತ್ತುವುದು ಇಂದಿಗೂ ನಿಷಿದ್ಧ. ಆಲೂಗಡ್ಡೆ, ಬಾರ್ಲಿ ಬೆಳೆಯುವುದು, ಯಾಕ್ ಸಾಕುವುದು ಅವರ ಬದುಕಾಗಿತ್ತು. ಕೈಯಲ್ಲಿ ನಾಲ್ಕು ಕಾಸು ಆಡುತ್ತಿದ್ದದ್ದು ವ್ಯಾಪಾರದಿಂದ. 5,700 ಮೀಟರಿಗೂ ಎತ್ತರದ ನಂಗ್ಪಾ ಲಾ ಕಣಿವೆದಾರಿಯಲ್ಲಿ ಟಿಬೆಟ್ಟಿನ ಉಪ್ಪು, ಉಣ್ಣೆ ಈಚೆಗೆ ಬರುತ್ತಿದ್ದವು. ನೇಪಾಳದ ಧಾನ್ಯ ಆಚೆಗೆ ಹೋಗುತ್ತಿತ್ತು. ನಾಮ್ಚೆ ಈ ವ್ಯಾಪಾರದ ನಡುಮನೆ.

ವ್ಯಾಪಾರಕ್ಕೆ ಬಂಡವಾಳವಿಲ್ಲದವರು ಕೂಲಿ ಹುಡುಕಿಕೊಂಡು ಡಾರ್ಜಿಲಿಂಗಿಗೆ ಹೋದರು. 1921ರಲ್ಲಿ ಬ್ರಿಟಿಷರ ಮೊದಲ ಎವರೆಸ್ಟ್ ತಂಡ ಹೊರಟಾಗ ಹೊರೆಯಾಳುಗಳು ಸಿಕ್ಕಿದ್ದು ಅಲ್ಲಿಯೇ. ಮರುವರ್ಷ ಹಿಮಕುಸಿತದಲ್ಲಿ ಏಳು ಮಂದಿ ಸತ್ತರು. ಏಳೂ ಮಂದಿ ಹೊರೆಯಾಳುಗಳೇ. 1953ರಲ್ಲಿ ಹಿಲರಿಯ ಜೊತೆ ತುದಿ ಮುಟ್ಟಿದ ತೇನ್‌ಸಿಂಗ್ ನೋರ್ಗೆ ಕೂಡ ಹೀಗೆ ಡಾರ್ಜಿಲಿಂಗಿಗೆ ಕೆಲಸ ಅರಸಿ ಬಂದ ಹುಡುಗ.

ಆದರೂ ಅಲ್ಲಿಯವರೆಗೆ ಪರ್ವತಾರೋಹಣ ಕೆಲವರ ಸಂಪಾದನೆಯಷ್ಟೇ ಆಗಿತ್ತು. 1959ರ ನಂತರ ಟಿಬೆಟ್ಟಿನ ಗಡಿಯಲ್ಲಿ ಚೀನಾದ ಬಿಗಿ ಹೆಚ್ಚಿದಂತೆ ಹಳೆಯ ವ್ಯಾಪಾರ ಕುಸಿಯಿತು. ಖುಂಬುವಿನವರನ್ನು ಯಾರೂ ಕೇಳಲಿಲ್ಲ. ಅದೇ ದಶಕದಲ್ಲಿ ಇನ್ನೊಂದು ಬಾಗಿಲು ತೆರೆಯಿತು. 1961ರಲ್ಲಿ ಹಿಲರಿ ಖುಮ್‌ಜುಂಗ್‌ನಲ್ಲಿ ಶಾಲೆ ಕಟ್ಟಿಸಿದರು. 1964ರಲ್ಲಿ ಲುಕ್ಲಾದಲ್ಲಿ ವಿಮಾನದ ಓಡುದಾರಿ ಸಿದ್ಧವಾಯಿತು. ಶಾಲೆ, ಆಸ್ಪತ್ರೆಗಳಿಗೆ ಸಾಮಾನು ತರಲೆಂದು ಮಾಡಿದ ಆ ಪಟ್ಟಿಯ ಮೇಲೆ ಪ್ರವಾಸಿಗಳೂ ಇಳಿಯತೊಡಗಿದರು.

ಮನೆಗಳು ವಸತಿಗೃಹಗಳಾದವು. ಮಕ್ಕಳು ಓದಿದರು, ವೈದ್ಯರಾದರು, ಪೈಲಟ್‌ಗಳಾದರು. ಇದನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಹಣ ಹರಿದದ್ದು ಚಾರಣದ ದಾರಿಯ ಗುಂಟ ಮಾತ್ರ. ದಾರಿಯಿಂದ ದೂರದ ಹಳ್ಳಿಗಳಿಗೆ ಅದರ ಪಸೆ ಅಷ್ಟಾಗಿ ತಾಗಲಿಲ್ಲ. ಶೆರ್ಪಾಗಳು ಮಾರ್ಗದರ್ಶಿಗಳೂ ವಸತಿಗೃಹದ ಯಜಮಾನರೂ ಆದಂತೆ, ಕೆಳಗಿನ ದಾರಿಯ ಹೊರೆ ತಗ್ಗಿನ ಬೆಟ್ಟಗಳ ರಾಯ್, ತಮಾಂಗ್ ಜನರ ಬೆನ್ನಿಗೇರಿತು.

ಅಪಾಯವೂ ಸಮನಾಗಿ ಹಂಚಿಕೆಯಾಗಲಿಲ್ಲ. ಮೂಲಶಿಬಿರದ ಮೇಲಿರುವ ಖುಂಬು ಹಿಮಪ್ರಪಾತ ನಿಂತಲ್ಲಿ ನಿಲ್ಲದ ಮಂಜುಗಡ್ಡೆಯ ರಾಶಿ. ಹಣ ಕೊಟ್ಟು ಬಂದ ಆರೋಹಿ ಅದನ್ನು ಕೆಲವೇ ಸಲ ದಾಟುತ್ತಾನೆ. ಅವನ ಡೇರೆ, ಹಗ್ಗ, ಆಮ್ಲಜನಕದ ಸಿಲಿಂಡರು ಹೊತ್ತವನು ಮತ್ತೆ ಮತ್ತೆ ದಾಟಬೇಕು. 2014ರ ಏಪ್ರಿಲ್ 18ರ ಬೆಳಗ್ಗೆ ಅಲ್ಲಿ ಹಿಮ ಕುಸಿದು 16 ಮಂದಿ ಸತ್ತರು. ಎಲ್ಲರೂ ನೇಪಾಳದ ಕೆಲಸಗಾರರು. ಸರ್ಕಾರ ಮೊದಲು ಪ್ರತಿ ಕುಟುಂಬಕ್ಕೆ ಘೋಷಿಸಿದ್ದು 40,000 ನೇಪಾಳಿ ರೂಪಾಯಿ, ಅಂದರೆ ಸುಮಾರು 400 ಡಾಲರ್. ಆಗ ವಿದೇಶಿ ಆರೋಹಿಯೊಬ್ಬರ ಪರವಾನಗಿ ಶುಲ್ಕವೇ 10,000 ಡಾಲರಿಗೆ ಕಡಿಮೆ ಇರಲಿಲ್ಲ. ಶೆರ್ಪಾಗಳು ಕೆಲಸಕ್ಕೆ ಇಳಿಯಲಿಲ್ಲ. ದಕ್ಷಿಣದ ದಾರಿಯಲ್ಲಿ ಆ ವರ್ಷದ ವಸಂತದ ಆರೋಹಣ ಬಹುಪಾಲು ಅಲ್ಲಿಗೇ ನಿಂತಿತು. ಆಮೇಲೆ ಜೀವವಿಮೆ 15 ಲಕ್ಷ ನೇಪಾಳಿ ರೂಪಾಯಿಗೆ ಏರಿತು. ಬೆಟ್ಟ ಹತ್ತುವುದು ನಮಗೆ ಸಾಹಸವಲ್ಲ, ದುಡಿಮೆ ಎಂದು ಅವರು ಜಗತ್ತಿಗೆ ಕೇಳುವಂತೆ ಹೇಳಿದ್ದು ಆ ಋತುವಿನಲ್ಲಿ.

ಮರುವರ್ಷ ಭೂಕಂಪ. 2020ರಲ್ಲಿ ಕೊರೊನಾ, ನೇಪಾಳ ವಸಂತದ ಆರೋಹಣವನ್ನೇ ರದ್ದು ಮಾಡಿತು. ಉಪ್ಪಿನ ದಾರಿ ಮುಚ್ಚಿದಾಗ ಪ್ರವಾಸಿಗರ ದಾರಿಯೊಂದು ತೆರೆದಿತ್ತು. ಈ ದಾರಿ ಮುಚ್ಚಿದ ವರ್ಷಗಳಲ್ಲಿ ಉಳಿದದ್ದು ಆಲೂಗಡ್ಡೆಯ ಹೊಲ.

ನಾಮ್ಚೆಯಲ್ಲಿ ಈಗಲೂ ವಾರದ ಸಂತೆ ಸೇರುತ್ತದೆ. ಅಕ್ಕಿ, ತರಕಾರಿ ಕೆಳಗಿನ ಬೆಟ್ಟಗಳಿಂದ ಬರುತ್ತವೆ, ಬಹಳಷ್ಟು ಬೆನ್ನಿನ ಮೇಲೆಯೇ. ಕೊಳ್ಳುವವರಲ್ಲಿ ವಸತಿಗೃಹದವರೇ ಹೆಚ್ಚು. ಆ ವರ್ಷ ಎಷ್ಟು ಜನ ಬೆಟ್ಟ ನೋಡಲು ಬಂದರು ಎಂಬುದರ ಮೇಲೆ ಮೂಟೆಯ ಲೆಕ್ಕ.