ಹನ್ನೊಂದು ತಿಂಗಳ ಕರಾರು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಬೆಂಗಳೂರಿನಲ್ಲಿ ಎರಡನೆಯ ಮನೆ ಕೊಂಡಿದ್ದಾನೆ. "ಬಾಡಿಗೆಗೆ ಕೊಡಲು ಭಯ ಸರ್. ಹನ್ನೊಂದು ತಿಂಗಳಿಗೆ ಮಾತ್ರ ಬರೆಸಬೇಕಂತೆ. ಹನ್ನೆರಡು ವರ್ಷ ಕಳೆದರೆ ಮನೆ ಅವರದೇ ಆಗುತ್ತದಂತೆ. ನಿಜವೇ?" ಎಂದು ಕೇಳಿದ. ಇತಿಹಾಸದ ಮೇಷ್ಟರನ್ನು ಕೇಳಿದ ತಪ್ಪಿಗೆ ಅವನಿಗೆ ಒಂದು ಪಾಠವೇ ಆಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹನ್ನೊಂದರ ಮೂಲ 1908ರ ನೋಂದಣಿ ಕಾಯಿದೆಯಲ್ಲಿದೆ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆ ಪತ್ರವನ್ನು ನೋಂದಾಯಿಸುವುದು ಅದರ ಪ್ರಕಾರ ಕಡ್ಡಾಯ. ಆ ಖರ್ಚು, ಓಡಾಟ ತಪ್ಪಿಸಲು ಜನ ಒಂದು ತಿಂಗಳು ಕಡಿಮೆ ಬರೆಸಿದರು. ಆ ಸಂಖ್ಯೆಗೆ ಬೇರೆ ಮಹಿಮೆಯೇನೂ ಇಲ್ಲ. ಅವಧಿ ಮುಗಿದೊಡನೆ ಬಾಡಿಗೆದಾರನು ಎದ್ದು ಹೋಗಲೇಬೇಕೆಂಬುದು ಮಾತ್ರ ಮಾಲೀಕರ ಭ್ರಮೆಯಾಗಿತ್ತು.

ಏಕೆಂದರೆ ಬಾಡಿಗೆ ನಿಯಂತ್ರಣ ಕಾಯಿದೆಗಳು ಬಂದಿದ್ದವು. ಮೊದಲ ಮಹಾಯುದ್ಧದ ಬೆಲೆಯೇರಿಕೆಯಲ್ಲಿ, 1918ರಲ್ಲಿ, ಬೊಂಬಾಯಿಯಲ್ಲಿ ಇಂಥ ಕಾಯಿದೆ ಜಾರಿಯಾಯಿತು. ಮೈಸೂರು ರಾಜ್ಯದಲ್ಲಿ 1951ರ ಕಾಯಿದೆಯ ನಂತರ, ಏಕೀಕೃತ ರಾಜ್ಯಕ್ಕಾಗಿ 1961ರ ಕಾಯಿದೆ ಬಂದಿತು. ಅದರಂತೆ, ಮನೆ ಖಾಲಿಯಾದರೆ ಮಾಲೀಕನು ನಿಯಂತ್ರಣಾಧಿಕಾರಿಗೆ ತಿಳಿಸಬೇಕಿತ್ತು. ನಿಗದಿತ ಕಾರಣಗಳನ್ನು ನ್ಯಾಯಾಲಯದಲ್ಲಿ ರುಜುವಾತುಪಡಿಸದೆ ಬಾಡಿಗೆದಾರನನ್ನು ಬಿಡಿಸುವಂತಿರಲಿಲ್ಲ.

ನಮ್ಮ ತಂದೆಯವರು 1974ರಲ್ಲಿ ವರ್ಗವಾಗಿ ಹೋಗುವಾಗ ಮೈಸೂರಿನ ಮನೆಯನ್ನು ಅರವತ್ತು ರೂಪಾಯಿಗೆ, ಹನ್ನೊಂದು ತಿಂಗಳ ಕರಾರಿನ ಮೇಲೆ ಕೊಟ್ಟರು. 1984ರಲ್ಲಿ ನಿವೃತ್ತರಾಗಿ ಮರಳಿದಾಗ ಬಾಡಿಗೆದಾರರು ಬಿಡಲೊಲ್ಲರು. ಸ್ವಂತ ವಾಸಕ್ಕೆ ಬೇಕೆಂದು ದಾವೆ ಹೂಡಿದರು. ಅದೇ ಬೀದಿಯಲ್ಲಿ ಬಾಡಿಗೆಗಿದ್ದು, ಸಂಜೆಯ ಹೊತ್ತು ತಮ್ಮದೇ ಜಗಲಿಯನ್ನು ದೂರದಿಂದ ನೋಡುತ್ತಿದ್ದರು. ತೀರ್ಪು ಬರುವ ಮುನ್ನವೇ, 1991ರಲ್ಲಿ, ತೀರಿಕೊಂಡರು.

ಈ ನಡುವೆ 1988ರಲ್ಲಿ ಇನ್ನೊಂದು ಸಂಗತಿ ನಡೆಯಿತು. ನಾನು ಬೇರೆ ಊರಿನಲ್ಲಿ ಬಾಡಿಗೆಗಿದ್ದೆ. ನನ್ನ ಹೆಂಡತಿ ತುಂಬು ಗರ್ಭಿಣಿ. ಬಾಡಿಗೆ ಇಮ್ಮಡಿ ಮಾಡಿ, ಇಲ್ಲವೇ ವಾರದಲ್ಲಿ ಖಾಲಿ ಮಾಡಿ ಎಂದರು ಮಾಲೀಕರು. ವಕೀಲ ಮಿತ್ರರೊಬ್ಬರು ಬಂದು ಅದೇ 1961ರ ಕಾಯಿದೆಯ ಹೆಸರೆತ್ತಿದರು. ಮಾಲೀಕರು ಸುಮ್ಮನಾದರು, ನಾವು ಉಳಿದೆವು. ತಂದೆಯವರ ಮುಂದೆ ಈ ವಿಷಯವನ್ನು ನಾನು ಎಂದೂ ಎತ್ತಲಿಲ್ಲ. ಅವರ ಮನೆ ತಪ್ಪಿಸಿದ ಕಾಯಿದೆಯೇ ನನ್ನ ಮನೆ ಉಳಿಸಿತ್ತು.

ಕಾಲಾನಂತರ ತಕ್ಕಡಿ ಇತ್ತ ವಾಲಿತು. ದಶಕಗಳ ಹಿಂದಿನ ಮಟ್ಟದಲ್ಲೇ ಬಾಡಿಗೆಯನ್ನು ಸ್ಥಗಿತಗೊಳಿಸುವುದು ಅಸಮಂಜಸವೆಂದು ಮಲ್ಪೆ ವಿಶ್ವನಾಥ ಆಚಾರ್ಯರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ 1997ರಲ್ಲಿ ಹೇಳಿತು. ಅದು ಬೊಂಬಾಯಿಯ ಕಾಯಿದೆಗೆ ಸಂಬಂಧಿಸಿದ್ದು. ನಮ್ಮ ರಾಜ್ಯದಲ್ಲಿ 1999ರ ಬಾಡಿಗೆ ಕಾಯಿದೆ 2001ರ ಡಿಸೆಂಬರ್ 31ರಂದು ಜಾರಿಗೆ ಬಂದಿತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿಗೂ ಮೀರಿದ ಬಾಡಿಗೆಯ ವಾಸದ ಮನೆಗಳನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಅಂಥ ಮನೆಗಳಿಗೆ ಕರಾರು ಮತ್ತು 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಆಧಾರ.

ಇನ್ನು ಹನ್ನೆರಡು ವರ್ಷದ ಮಾತು. ಮಾಲೀಕನ ಒಪ್ಪಿಗೆಯಿಂದ ಬಂದವನು ಎಷ್ಟು ವರ್ಷ ಬಾಡಿಗೆ ಕೊಟ್ಟರೂ ಬಾಡಿಗೆದಾರನೇ. ಬಾಡಿಗೆ ಸಂಬಂಧ ಕೊನೆಗೊಂಡ ಮೇಲೂ ಮಾಲೀಕನು ಹನ್ನೆರಡು ವರ್ಷ ಕೈಕಟ್ಟಿ ಕುಳಿತರೆ ಮಾತ್ರ ತೊಡಕು.

ಆದ್ದರಿಂದ ಅವನಿಗೆ ಹೇಳಿದೆ: "ಭಯ ಬೇಡಪ್ಪಾ. ಮುಂಗಡವೆಷ್ಟು, ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಸುಣ್ಣಬಣ್ಣದ ಖರ್ಚು ಯಾರದು, ಎಷ್ಟು ದಿನದ ತಿಳಿವಳಿಕೆ ಕೊಡಬೇಕು, ಎಲ್ಲವನ್ನೂ ಬರೆದಿಡು. ತಿಂಗಳು ತಿಂಗಳೂ ರಸೀದಿ ಕೊಡು. ವರ್ಷಕ್ಕೆ ಮೀರಿದ ಕರಾರಾದರೆ ನೋಂದಾಯಿಸು. ಹತ್ತು ತಿಂಗಳ ಮುಂಗಡ ಕೇಳುವ ಮುನ್ನ, ಕೇಂದ್ರದ 2021ರ ಮಾದರಿ ಕಾಯಿದೆ ಎರಡೇ ತಿಂಗಳದ್ದು ಸಾಕೆಂದಿರುವುದನ್ನು ನೆನೆದುಕೋ. ಬರುವವರ ಮನೆಯಲ್ಲಿ ಹಸುಗೂಸಿದ್ದರೆ ವಾರದ ಗಡುವು ಮಾತ್ರ ಕೊಡಬೇಡ."

ಕೊನೆಯ ಮಾತು ಏಕೆಂದು ಅವನು ಕೇಳಲಿಲ್ಲ. ಇದನ್ನು ಓದಿದರೆ ತಿಳಿದೀತು.